ರೆಹಾನಾ ಒಳಗಿರಲಿಲ್ಲ

ಕಸ್ತೂರಕ್ಕಾ,

ನಾನು, ನಿನ್ನ ಮಾದೇವಿ. ಹಲಗೇರಿ ರಸ್ತೆಯ ನಮ್ಮ ಬೀಜದ ಕಾರ್ಖಾನೆಯಲ್ಲಿ ಹಾಜರಿ ಬರೆಯುವವಳು. ನೀನು ಹೋಗಿ ಎರಡು ವರ್ಷವಾಗುತ್ತ ಬಂತು. ನಿನಗೆ ಹೇಳಬೇಕಾದದ್ದೊಂದು ಉಳಿದುಬಿಟ್ಟಿದೆ. ಹೇಳಿ ಈಗ ಏನಾಗಬೇಕು, ಅದೂ ಗೊತ್ತಿಲ್ಲ.

ತಪಾಸಣೆಗೆ ಬಂದ ಸಾಹೇಬರು, ಬೆಂಕಿ ಬಿದ್ದರೆ ಜನರನ್ನು ಹೊರಗೆ ಕಳಿಸುವ ನಕ್ಷೆ ಎಲ್ಲಿದೆ ಎಂದು ಕೇಳಿದ ದಿನ ನೆನಪಿದೆಯಾ? ಮಾಲಕರು ಬೇರೆ ಯಾವುದೋ ಕಂಪನಿಯ ಕಾಗದ ತರಿಸಿ, ಹೆಸರಷ್ಟು ಬದಲಿಸಿ ಬರೆದುಬಿಡು ಎಂದು ನನ್ನ ಕೈಗೆ ಕೊಟ್ಟಿದ್ದರು. ನೀನು ಕನ್ನಡಕ ಏರಿಸಿಕೊಂಡು ಅದನ್ನು ನೋಡಿದೆ.

"ಇದರಾಗ ಲಿಫ್ಟ್ ಐತೆಲ್ಲ ಮಾದೇವಿ. ನಮ್ಮಲ್ಲೆ ಅಟ್ಟ ಹತ್ತಾಕ ನೆಟ್ಟಗ ಒಂದು ನಿಚ್ಚಣಿಕಿ ಇಲ್ಲ."

ಇಬ್ಬರೂ ನಕ್ಕೆವು. ಆದರೆ ಮರುದಿನ ಊಟದ ಬಿಡುವಿನಲ್ಲಿ ನೀನು ಕಣ್ಣಿಗೆ ಸೆರಗು ಕಟ್ಟಿಕೊಂಡು, ಗೋಡೆ ತಡವುತ್ತ, ಜರಡಿ ಯಂತ್ರದಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದೆ. "ಹೊಗಿಯೊಳಗ ಕಣ್ಣ ನಡಿಯಂಗಿಲ್ಲವಾ, ಕಾಲಿಗೆ ಗೊತ್ತಿರಬೇಕು," ಎಂದೆ. ನೀನು ಹೇಳುತ್ತ ಹೋದೆ, ನಾನು ಬರೆದೆ. ಜರಡಿಯವರು ಮುಂಬಾಗಿಲಿಂದ, ಚೀಲ ಹೊಲಿಯುವವರು ಹಿಂಬಾಗಿಲಿಂದ. ಎಲ್ಲರೂ ನೀರಿನ ಟಾಕಿಯ ಹತ್ತಿರ ಸೇರಬೇಕು. ಅಲ್ಲಿ ಹೆಸರು ಕೂಗುವ ಕೆಲಸ ನನ್ನದು. ಚೀಲ ಹೊಲಿಯುವ ರೆಹಾನಾಗೆ ಕಿವಿ ಮಂದ, ಗಂಟೆ ಬಾರಿಸಿದರೆ ಕೇಳುವುದಿಲ್ಲ. ಅವಳ ಭುಜ ತಟ್ಟಿ ಕರೆತರುವ ಕೆಲಸ ನಿನ್ನದು. ಕೊನೆಯ ಸಾಲನ್ನೂ ನೀನೇ ಬರೆಸಿದೆ: ಒಮ್ಮೆ ಹೊರಗೆ ಬಂದವರು ಯಾವ ಕಾರಣಕ್ಕೂ ಮತ್ತೆ ಒಳಗೆ ಹೋಗಬಾರದು.

ಬಿತ್ತನೆ ಹತ್ತಿರ ಬಂದಂತೆ ಹಿಂಬಾಗಿಲಿಗೆ ಮೆಕ್ಕೆಜೋಳದ ಚೀಲಗಳು ಒರಗಿದವು. ನೀನು ಮಾಲಕರ ಮುಂದೆ ಹೋಗಿ ನಿಂತೆ. "ನಾಲ್ಕ ದಿನ ಇರ್ಲಿ ಬಿಡಬೇ, ಲಾರಿ ಬಂದ ಕೂಡ್ಲೆ ಖಾಲಿ ಆಗ್ತೈತಿ," ಎಂದರು. ಲಾರಿ ಬಂತು. ಆ ಚೀಲ ಹೋಗಿ ಬೇರೆ ಚೀಲ ಬಂದವು. ನಾವಿಬ್ಬರೂ ಇನ್ನೂ ಒಂದು ಸಲ ಹೇಳಬಹುದಿತ್ತಲ್ಲ... ಹೇಳಲಿಲ್ಲ.

ಅವತ್ತು ಮಧ್ಯಾಹ್ನ ಒಣಗಿಸುವ ಯಂತ್ರದ ವೈರು ಹೊತ್ತಿಕೊಂಡಿತು. ಪ್ಲಾಸ್ಟಿಕ್ ಚೀಲದ ರಾಶಿಗೆ ಕಿಡಿ ತಾಗಿ ಕಪ್ಪು ಹೊಗೆ ಎದ್ದಿತು. ಹಿಂಬಾಗಿಲು ತೆರೆಯಲಿಲ್ಲ, ಎಲ್ಲರೂ ಮುಂಬಾಗಿಲಿಂದಲೇ ನುಗ್ಗಿ ಬಂದರು. ಟಾಕಿಯ ಹತ್ತಿರ ನಿಂತು ನಾನು ಹೆಸರು ಕೂಗಿದೆ. ಎಲ್ಲರೂ ಓ ಎಂದರು. ರೆಹಾನಾ ಮಾತ್ರ ಇಲ್ಲ.

"ಆಕಿ ಇವತ್ತು ಬಂದಾಳೇನ ಖರೇ?" ಎಂದು ಕೇಳಿದೆ ನೀನು.

"ಬಂದಾಳಕ್ಕಾ, ಸಹಿ ಐತಿ ನೋಡಿಲ್ಲೆ."

"ಹೊರಗ ಹೋಗಿದ್ದು ಬರದಿಯೇನ?"

"ಇಲ್ಲ. ಒಳಗ ಅದಾಳ."

ಒಳಗ ಅದಾಳ. ಅಷ್ಟು ಖಚಿತವಾಗಿ ಹೇಳಿದ್ದು ನಾನೇ. ನೀನು ಟಾಕಿಯ ನಲ್ಲಿಗೆ ಸೆರಗು ಹಿಡಿದು ಒದ್ದೆ ಮಾಡಿಕೊಂಡೆ. ನಾನು ನಿನ್ನ ತೋಳು ಹಿಡಿದೆ. "ಬಿಡು, ಆಕೀನ ಕರಕೊಂಡ ಬರೂದು ನನ್ನ ಕೆಲಸ ಐತಿ," ಎಂದು ನೀನು ಕೈ ಕೊಸರಿಕೊಂಡು ಒಳಗೆ ಹೋದೆ. ಆಮೇಲೆ ನಿನ್ನನ್ನು ಎತ್ತಿ ತಂದದ್ದು ಹಿಂಬಾಗಿಲ ಬಳಿಯಿಂದ. ಚೀಲದ ಮೇಲೆ ಕೈಯಿಟ್ಟು ಬಿದ್ದಿದ್ದೆಯಂತೆ.

ರೆಹಾನಾ ಒಳಗಿರಲಿಲ್ಲ ಅಕ್ಕಾ. ಊಟವಾದ ಮೇಲೆ ಅವಳು ನನ್ನ ಕಿಟಕಿಗೆ ಬಂದಿದ್ದಳು. ನಾನು ಫೋನಿನಲ್ಲಿ ಲಾರಿಯವನೊಂದಿಗೆ ಮಾತಾಡುತ್ತಿದ್ದೆ. ಮಗನಿಗೆ ಜ್ವರ, ದವಾಖಾನೆಗೆ ಹೋಗಬೇಕು ಎಂದಳು. ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ಹೋಗು ಎಂದು ಕೈ ಮಾಡಿದೆ. ಪುಸ್ತಕದಲ್ಲಿ ಬರೆಯಲಿಲ್ಲ. ಅರ್ಧ ಗಂಟೆಯಲ್ಲಿ ಮರೆತೂ ಬಿಟ್ಟೆ. ಬೆಂಕಿ ಆರಿ, ಒಳಗೆ ನೀನೊಬ್ಬಳೇ ಸಿಕ್ಕಾಗ ನೆನಪಾಯಿತು. ನೀನು ಹೊಗೆಯಲ್ಲಿ ಅವಳನ್ನು ಹುಡುಕುವಾಗ ಅವಳು ರಾಣೆಬೆನ್ನೂರಿನಲ್ಲಿ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಡಾಕ್ಟರಿಗೆ ಕಾಯುತ್ತಿದ್ದಳು.

ಇನ್ನೂ ಒಂದಿದೆ. ಆ ಸಂಜೆ, ಸಾಹೇಬರು ಬರುವ ಮುಂಚೆ, ನಾನು ಪುಸ್ತಕ ತೆರೆದು ರೆಹಾನಾ ಹೊರಗೆ ಹೋದ ವೇಳೆ ಬರೆದೆ. ವಿಚಾರಣೆಯಲ್ಲಿ, ಅಕ್ಕ ತಾನಾಗಿಯೇ ಒಳಗೆ ಹೋದಳು ಎಂದೆ. ವರದಿಯಲ್ಲೂ ಹಾಗೇ ಬಂತು: ನಿಯಮ ಮೀರಿ ಮರಳಿ ಒಳಹೊಕ್ಕಿದ್ದರಿಂದ ಸಾವು. ನೀನು ಬರೆಸಿದ ಸಾಲನ್ನೇ ನಿನ್ನ ಮೇಲೆ ಹಾಕಿದರು. ರೆಹಾನಾ ಮರುವಾರ ಬಂದು, "ನಾ ನಿಮಗ ಹೇಳೇ ಹೋಗಿದ್ನೆಲ್ಲರಿ," ಎಂದಳು. ನಾನು ತಲೆಯೆತ್ತಲಿಲ್ಲ. ಅವಳು ಕೆಲಸ ಬಿಟ್ಟಳು.

ಹೋದ ತಿಂಗಳು ಹಾವೇರಿಗೆ ಹೋಗಿ ಆ ಸಾಹೇಬರನ್ನು ಕಂಡು ಎಲ್ಲ ಹೇಳಿದೆ. ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ಫೈಲು ಮುಗದೈತಲ್ಲಮ್ಮ. ಈಗ ಹೇಳಿದ್ರ ಏನ ಬಂತು?" ಎಂದರು. ಬರೆದುಕೊಟ್ಟ ಅರ್ಜಿ ಇಟ್ಟುಕೊಂಡರು. ಏನೂ ಆಗಿಲ್ಲ. ಆಗುವುದೂ ಇಲ್ಲ. ಕಾರ್ಖಾನೆಯಲ್ಲಿ ಈಗ ಹೊಳೆಯುವ ಫಲಕದ ಮೇಲೆ ನಕ್ಷೆ ಇದೆ. ವರ್ಷಕ್ಕೊಮ್ಮೆ ಗಂಟೆ ಬಾರಿಸಿ, ಹೊರಗೆ ನಿಲ್ಲಿಸಿ, ಫೋಟೋ ತೆಗೆದು ಒಳಗೆ ಕಳಿಸುತ್ತಾರೆ. ಹಿಂಬಾಗಿಲಿಗೆ ಈ ಸಲ ಹತ್ತಿಬೀಜದ ಪೆಟ್ಟಿಗೆಗಳು. ದಿನಾ ಬೆಳಿಗ್ಗೆ ನಾನು ಹೇಳಿ ತೆಗೆಸುತ್ತೇನೆ. ಮಧ್ಯಾಹ್ನಕ್ಕೆ ಮತ್ತೆ ಬಂದಿರುತ್ತವೆ.

ನಿನ್ನ ಮಗಳು ಲಲಿತಾ ಈಗ ನಮ್ಮಲ್ಲೇ ಕೆಲಸಕ್ಕೆ ಬರುತ್ತಾಳೆ ಅಕ್ಕಾ, ಜರಡಿಯ ಹತ್ತಿರ. ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಗೆ ಹತ್ತಿರ, ಬೇರೆ ಎಲ್ಲಿ ಹೋಗಲಿ ಎಂದಳು. ಇವತ್ತು ಊಟಕ್ಕೆ ಕೂತಾಗ ಅವಳಿಗೆ ಎಲ್ಲ ಹೇಳಿದೆ, ಪುಸ್ತಕದ್ದೂ. ರೊಟ್ಟಿ ಕೈಯಲ್ಲೇ ಇತ್ತು.

"ಅವ್ವ ಒಳಗ ಹೋದಮ್ಯಾಲೆ ನೀವೆಲ್ಲಾ ಎಷ್ಟೊತ್ತು ಹೊರಗ ನಿಂತಿದ್ರಿ?" ಎಂದು ಕೇಳಿದಳು.

"ಬೆಂಕಿ ಆರಸೋ ಗಾಡಿ ಬರೂತನಕಾ," ಎಂದೆ.

ಅವಳು ಡಬ್ಬಿ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದಳು.