ಎಲೆ ಅಡ್ಡ ಬಂದಿದೆ

ಏಪ್ರಿಲ್ 2, ಬೆಳಿಗ್ಗೆ

…ಕಿಟಕಿಯಲ್ಲಿ ಕೂತು ಈಜು ಕಲಿತ ಹಾಗೆ, ಅಂತೇನೋ ಅಂದರು ನಿರ್ದೇಶಕರು. ಪೂರ್ತಿ ವಾಕ್ಯ ಮರೆತಿದೆ. ಮೀಟಿಂಗಿನಲ್ಲಿ ಎಲ್ಲರೂ ನಕ್ಕದ್ದು ಮರೆತಿಲ್ಲ.

ಗೂಡು ಮುಟ್ಟದೆ ಅಧ್ಯಯನ ಮಾಡುತ್ತೇನೆ ಅಂದದ್ದೇ ಅಪರಾಧ. ಚಾತಕ — ಅದೂ ಕೋಗಿಲೆ ಕುಲದ್ದೇ — ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಎರಡರದೂ ನೀಲಿ. ಪರರದ್ದು ಯಾವುದೆಂದು ಕಣ್ಣಿಗೆ ಎಷ್ಟು ತಿಳಿಯುತ್ತದೆ? ಇಲ್ಲಿಯ ಪದ್ಧತಿ: ಮರ ಹತ್ತು, ಬಣ್ಣ ಬಳಿದ ಪ್ಲಾಸ್ಟರ್ ಮೊಟ್ಟೆ ಇಡು, ಹಕ್ಕಿ ಎಸೆಯುತ್ತದೋ ನೋಡು. ಹಕ್ಕಿ ಗೂಡನ್ನೇ ಬಿಟ್ಟು ಹೋದರೆ ವರದಿಯಲ್ಲಿ ಅದಕ್ಕೂ ಒಂದು ಕಾಲಂ ಇದೆ. ನಾಚಿಕೆ ಬೇಡವೆ?

ನನ್ನದು ಬೇರೆ. ಜನ ತಮ್ಮ ಕಿಟಕಿ, ಬಾಲ್ಕನಿಯಿಂದ ಕಂಡ ಗೂಡಿನ ಫೋಟೋ ದಿನವೂ ಕಳಿಸುತ್ತಾರೆ. ಮರಿಯಾದಾಗ ಯಾವ ಮೊಟ್ಟೆ ಯಾರದ್ದೆಂದು ಗೊತ್ತಾಗುತ್ತದೆ. ಆಮೇಲೆ ಅದೇ ಮೊಟ್ಟೆಗಳನ್ನು ಪರದೆಯ ಮೇಲೆ ಆಟವಾಗಿ ತೋರಿಸುವುದು. ಆಡುವವರು ಪರರದ್ದನ್ನು ಹುಡುಕಿ ಎಸೆಯಬೇಕು. ಮನುಷ್ಯನ ಕಣ್ಣು ಹಕ್ಕಿಯ ಕಣ್ಣಲ್ಲ, ಗೊತ್ತು. ಆದರೆ ಯಾವ ಗೂಡೂ ಅಲುಗುವುದಿಲ್ಲ.

ಫೋಟೋ ಸ್ಪಷ್ಟವಿಲ್ಲದಿದ್ದರೆ ಕಂಪ್ಯೂಟರೇ ಉತ್ತರ ಕಳಿಸುತ್ತದೆ: ‘ಎಲೆ ಅಡ್ಡ ಬಂದಿದೆ. ಇನ್ನೊಮ್ಮೆ ಪ್ರಯತ್ನಿಸಿ.’ ಕೆಳಗೆ ನನ್ನ ಹೆಸರು. ಒಮ್ಮೆ ಬರೆದಿಟ್ಟದ್ದು. ತಾನೇ ಹೋಗುತ್ತಿರುತ್ತದೆ.

ಏಪ್ರಿಲ್ 9

ಅಕ್ಕನೂ ಸೇರಿದ್ದಾಳೆ. ಅವಳ ಮಹಡಿ ಅಡುಗೆಮನೆಯ ಕಿಟಕಿ ಕೆಳಗೇ ನಿಂಬೆಗಿಡ, ಅದರಲ್ಲಿ ಹರಟೆಮಲ್ಲನ ಗೂಡು. ಅಮ್ಮ ಹೋದ ಮೇಲೆ ನಮ್ಮಿಬ್ಬರಿಗೆ ಮಾತೇ ಉಳಿದಿರಲಿಲ್ಲ: ಬಿಪಿ ಮಾತ್ರೆ, ನೀರಿನ ಮೋಟರು, ಫೋನ್ ಇಡ್ತೀನಿ ಕಣೋ. ಈಗ ಇದೊಂದು.

ಆಕೆಯ ಫೋಟೋಗಳಲ್ಲಿ ಬರೀ ಎಲೆ.

ಏಪ್ರಿಲ್ 17, ಸಂಜೆ

ಭಾವ ಫೋನ್ ಮಾಡಿದ್ದರು. “ಏನಪ್ಪಾ ವಿಜ್ಞಾನಿ, ಈ ವಯಸ್ಸಲ್ಲಿ ನಿಮ್ಮಕ್ಕನ್ನ ಏಣಿ ಹತ್ತಿಸ್ತಿದೀಯಲ್ಲ! ಬಿದ್ದು ಸೊಂಟ ಮುರಿದ್ರೆ ಅಡುಗೆಗೆ ನೀನೇ ಬರಬೇಕು.” ನಕ್ಕೆ. ಭಾವನ ಮಾತು ಯಾವಾಗಲೂ ಹಾಗೇ.

ಫೋಟೋಗಳು ಸ್ಪಷ್ಟವಾಗುತ್ತಿವೆ. ಅಕ್ಕನದಷ್ಟೇ ಅಲ್ಲ, ಎಲ್ಲರದೂ. ಜನ ಕಲಿಯುತ್ತಾರೆ. ಇದನ್ನು ನಿರ್ದೇಶಕರ ಮುಖಕ್ಕೆ ಹೇಳಬೇಕು.

ಏಪ್ರಿಲ್ 18

ಹೇಳಿದೆ. ಬೆನ್ನು ತಟ್ಟಿದರು! ಅಕ್ಕ ಕಳಿಸಿದ ಗೂಡಿನ ಫೋಟೋ ಪೋಸ್ಟರಿಗಂತೆ. ‘ಮುಟ್ಟದೆ ತಿಳಿಯೋಣ.’ ಹದಿನೈದು ದಿನದ ಹಿಂದೆ ನಕ್ಕ ಬಾಯಿ.

ಏಪ್ರಿಲ್ 22, ಮಧ್ಯಾಹ್ನ



ಪೋಸ್ಟರ್ ಗೋಡೆಯಗಲ ಮಾಡಿ ತಂದಿದ್ದರು. ನಾನು ಈವರೆಗೆ ನೋಡಿದ್ದು ಮೊಟ್ಟೆಗಳನ್ನು ಮಾತ್ರ. ಅಂಚನ್ನು ಕಂಪ್ಯೂಟರ್ ಕತ್ತರಿಸಿ ಬಿಸಾಡುತ್ತದೆ. ಗೋಡೆಯ ಮೇಲೆ ಅಂಚೂ ಇತ್ತು. ಗೂಡಿನ ಸುತ್ತ ನಿಂಬೆಯ ಟೊಂಗೆಗಳು, ತುದಿ ಬೆಳ್ಳಗೆ, ಓರೆಯಾಗಿ. ಕತ್ತರಿಯಿಂದ ಕತ್ತರಿಸಿದ್ದು.

ತಕ್ಷಣ ಫೋನ್ ಮಾಡಿದೆ.

“ಏಣಿ ಹತ್ತಿ ಎಲೆ ಕತ್ತರಿಸಿದ್ಯಾ?”

“ಮತ್ತಿನ್ನೇನೋ? ಮುಳ್ಳು ತರಚಿ ಕೈಯೆಲ್ಲಾ ನೋಡು ಬಾ. ನೀನೇ ತಾನೆ ದಿನಾ ಬರೀತಿದ್ದೆ, ಎಲೆ ಅಡ್ಡ ಬಂದಿದೆ, ಇನ್ನೊಮ್ಮೆ ಪ್ರಯತ್ನಿಸಿ ಅಂತ. ನನಗೆ ಯಾಕೋ ಇಷ್ಟು ಮರ್ಯಾದೆ ಕೊಡ್ತಾನೆ ಅಂತ ನಿಮ್ಮ ಭಾವನ ಹತ್ರ ಹೇಳ್ಕೊಂಡು ನಗ್ತಿದ್ದೆ.”

“ಗೂಡಿನ ಹತ್ರ ಹೋಗಬಾರದು ಅಂತ ನಿಯಮ ಇದೆಯಲ್ಲ! ಓದೋಕೆ ಬರಲ್ವಾ ನಿನಗೆ?”

ಅವಳ ದನಿ ಸಣ್ಣದಾಯಿತು: “ಎಲೆ ತೆಗೆದ ಮೇಲೆ ಬಿಸಿಲು ನೇರ ಬೀಳ್ತಿತ್ತು ಕಣೋ. ಪಾಪ, ತಾಯಿಹಕ್ಕಿ ಬಾಯಿ ಬಿಟ್ಕೊಂಡು ಕೂತಿರೋದು. ನಿನ್ನೆ ಕಾಗೆ ಬಂತು. ಒಂದು ಮೊಟ್ಟೆನೂ ಬಿಡಲಿಲ್ಲ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ…”

ಬೈದೆ. ಇಡೀ ಕಾರಿಡಾರಿಗೆ ಕೇಳುವ ಹಾಗೆ ಬೈದೆ. ಅತ್ತಳು. ಫೋನ್ ಇಟ್ಟೆ.

ಏಪ್ರಿಲ್ 23

ಬಂದ ಫೋಟೋಗಳನ್ನೆಲ್ಲ ಅಂಚು ಸಮೇತ ತೆರೆದೆ. ಬಾಗಿಸಿ ದಾರ ಕಟ್ಟಿದ ಕೊಂಬೆ. ಬೋಳಿಸಿದ ಪೊದೆ. ಒಂದರಲ್ಲಿ ಎಲೆ ಸರಿಸಿ ಹಿಡಿದ ಹೆಬ್ಬೆರಳಿನ ಉಗುರು. ಮರ ಹತ್ತುವ ನಮ್ಮವರು ಇಷ್ಟೊಂದು ಗೂಡು ಕೆಡಿಸಿರಲಾರರು. ಅವರ ಕೈಗೆ ಮಣ್ಣಾದರೂ ಮೆತ್ತಿತ್ತು. ನಾನು ಎಸಿ ರೂಮಿನಲ್ಲಿ ಕೂತು ಕಂಡವರ ಕೈಗೆ ಕತ್ತರಿ ಕೊಟ್ಟೆ.

ನಿರ್ದೇಶಕರಿಗೆ ತೋರಿಸಿದೆ. “ಇದನ್ನ ಯಾರ್ರೀ ನೋಡ್ತಾರೆ? ಅಂಚು ಕತ್ತರಿಸಿ ಹಾಕಿ.”

“ಹಕ್ಕಿ ನೋಡಿದೆ” ಅಂದೆ.

“ಹಕ್ಕಿ ಬಂದು ಹೇಳಲ್ಲ. ಕಥೆ ಹೇಳಬೇಡಿ. ಮುಂದಿನ ವಾರ ಉದ್ಘಾಟನೆ.”

ಮುಖ ನೋಡಲಾಗಲಿಲ್ಲ. ವಾಪಸು ಬಂದು ಆಟ ನಿಲ್ಲಿಸಿದೆ, ಫೋಟೋ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೆಂದು ಮುಖಪುಟದಲ್ಲೇ ಬರೆದೆ, ಕತ್ತರಿಸಿದ ನಿಂಬೆ ಟೊಂಗೆಯ ಚಿತ್ರದ ಸಮೇತ. ಕೊನೆಗೆ ಆ ತಾನೇ ಹೋಗುವ ಉತ್ತರವನ್ನೂ ಅಳಿಸಿದೆ.

ಏಪ್ರಿಲ್ 27

ನೋಟಿಸ್ ಬಂತು. ಸಂಸ್ಥೆಯ ಘನತೆಗೆ ಧಕ್ಕೆಯಂತೆ. ಘನತೆಗೆ! ಗೂಡಿನ ಮಾತು ಒಂದೇ ಒಂದು ಸಾಲಿನಲ್ಲೂ ಇಲ್ಲ.

ಏಪ್ರಿಲ್ 29, ಸಂಜೆ

ಭಾವನ ಫೋನ್. ಈ ಸಲ ತಮಾಷೆಯಿಲ್ಲ.

“ನಿಮ್ಮಕ್ಕ ಏಣಿ ಯಾರಿಗೋ ಕೊಟ್ಬಿಟ್ಲು. ಕಿಟಕಿಯಿಂದ್ಲೇ ತೆಗೆದು ದಿನಾ ಕಳಿಸ್ತಾಳೆ, ಖಾಲಿ ಗೂಡು. ಹೋಗ್ತಾ ಇಲ್ಲ ಅಂತ ಮತ್ತೆ ಒತ್ತುತಾಳೆ. ನಿನ್ನಿಂದ ಉತ್ತರ ಇಲ್ವಂತೆ. ಮೊದಲು ಕಳಿಸಿದ ನಿಮಿಷಕ್ಕೇ ಬರೀತಿದ್ದ, ಎಷ್ಟೇ ಕೆಲಸ ಇದ್ರೂ ನನಗೆ ಅಂತ ಬಿಡುವು ಮಾಡ್ಕೋತಿದ್ದ, ಈಗ ನನ್ನ ಮೇಲೆ ಕೋಪ ಅವನಿಗೆ ಅಂತ ಊಟ ಬಿಟ್ಟು ಕೂತಿದಾಳೆ. ಒಂದು ಸಾಲು ಬರಿಯಪ್ಪಾ. ಬೈದಾದ್ರೂ ಬರಿ.”

ಆಯ್ತು ಅಂದೆ.

ಫೋನ್ ಕೈಯಲ್ಲಿದೆ. ‘ಅಕ್ಕ’ ಎಂದು ಟೈಪ್ ಮಾಡಿದೆ, ಅಳಿಸಿದೆ. ನಿರ್ದೇಶಕರಿಗೆ ಎರಡು ಪುಟ ಉತ್ತರ ಗೀಚಿದ್ದೇನೆ, ಒಂದು ಅಕ್ಷರಕ್ಕೂ ತಡೆಯಲಿಲ್ಲ. ಇದಕ್ಕೆ ಮಾತ್ರ…

ದಿನಾ ಉತ್ತರ ಕೊಡುತ್ತಿದ್ದದ್ದು ನಾನಲ್ಲ ಅಂತ ಹೇಳಿಬಿಡಲೋ ಅಕ್ಕಾ, ಇಲ್ಲ, ತಮ್ಮನಿಗೆ ಕೋಪ ಬಂದಿದೆ ಅಂತಲೇ ನೀನು ನಂಬಿಕೊಂಡಿರಲು ಬಿಡಲೋ…?