ಲಿಂಗಕ್ಕೆ ಅರ್ಪಿಸಿದ ಗುಳಿಗೆ

ಸವಣೂರು
ಸೋಮವಾರ, ೧೪ ನವೆಂಬರ್ ೧೯೩೮

ಪ್ರೀತಿಯ ಮಗ ಬಸವಣ್ಣೆಪ್ಪನಿಗೆ ಅವ್ವ ಮಾಡುವ ಆಶೀರ್ವಾದ.

ಆರಾಮ ಇದ್ದೀಯಾ? ಮುಂಬಯಿ ನೀರಿಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲವಷ್ಟೆ? ಔಷಧದ ಅಂಗಡಿಯಲ್ಲೇ ನೌಕರಿ ಮಾಡುವವನಿಗೆ ಹೀಗೆ ಕೇಳಬಾರದೇನೋ. ಆದರೆ ಬೆಲ್ಲ ಮಾರುವವನ ಬಾಯಿ ಯಾವಾಗಲೂ ಸಿಹಿ ಇರುತ್ತದೆಂದು ಎಲ್ಲಿದೆ?

ಇಲ್ಲಿಯ ಮುಖ್ಯ ಸುದ್ದಿ, ನಿಮ್ಮಪ್ಪನಿಗೆ ಹರೆಯ ಬಂದಿದೆ. ನಗಬೇಡ. ಪತ್ರಿಕೆಯಲ್ಲಿ ಜಾಹೀರಾತು ಓದಿ ನಿನ್ನಿಂದ ತರಿಸಿಕೊಂಡರಲ್ಲ, ಮುಪ್ಪು ಓಡಿಸುವ ಗುಳಿಗೆ, ಅದನ್ನು ನುಂಗತೊಡಗಿದಾಗಿನಿಂದ ಅರವತ್ತು ದಾಟಿದ ಮಹಾರಾಯರು ಎಲೆತೋಟದಲ್ಲಿ ಆಳುಗಳಿಗಿಂತ ಮೊದಲೇ ಏಣಿ ಹತ್ತುತ್ತಾರೆ. ಈ ಚಳಿಯಲ್ಲಿ ಅಂಗಿ ಬಿಚ್ಚಿ ಬೆವರುತ್ತ ಕೂಡುತ್ತಾರೆ. ಇಬ್ಬರ ರೊಟ್ಟಿ ಒಬ್ಬರೇ ತಿಂದರೂ ಧೋತರ ಸೊಂಟದಲ್ಲಿ ನಿಲ್ಲುವುದಿಲ್ಲ. ಎಲೆ ಜೋಡಿಸಲು ಬರುವ ಕುಲಸುಮಬಿ, "ಅವ್ವಾರ, ಸಾವಕಾರ್ರು ಮದಿಮಗನಂಗ ಓಡ್ಯಾಡಾಕತ್ತಾರ. ಇನ್ನೊಂದ್ ಮದಿವಿ ಗಿದಿವಿ ಅಂದಾರು, ಜ್ವಾಕಿ ನೋಡ್ರಿ!" ಎಂದಳು. ನಾನೂ ನಕ್ಕೆ. ಮೊನ್ನೆ ಅವರು ನನ್ನ ಕೈ ಹಿಡಿದು ಎದೆಯ ಮೇಲೆ ಇಟ್ಟುಕೊಂಡು, "ನೋಡಿಲ್ಲೆ, ಕುದುರಿ ಓಡಿದಂಗ ಓಡಾಕತ್ತೈತಿ. ಹರೇ ಅಂದ್ರ ಇದ!" ಎಂದರು. ನನ್ನ ಕೈಗೆ ಸಿಕ್ಕಿದ್ದು ಬಲೆಗೆ ಬಿದ್ದ ಗುಬ್ಬಿಯ ಒದ್ದಾಟ. ನಗೆ ಅಲ್ಲಿಗೇ ಆರಿತು.

ನೆಗಡಿಯ ನೆಪ ಹೇಳಿ ದವಾಖಾನೆಗೆ ಹೋಗಿ ಡಾಕ್ಟರಿಗೆ ಒಂದು ಗುಳಿಗೆ ತೋರಿಸಿದೆ. ಅದನ್ನು ಕುರಿಯ ಗಂಟಲಲ್ಲಿರುವ ಗ್ರಂಥಿಯನ್ನು ಒಣಗಿಸಿ ಮಾಡುತ್ತಾರಂತೆ. ಮೈಯಲ್ಲಿ ಆ ರಸ ಕಡಿಮೆ ಇದ್ದವರಿಗಷ್ಟೇ ಅದು ಔಷಧ. ಉಳಿದವರ ಎದೆಯನ್ನು ಸುಮ್ಮಸುಮ್ಮನೆ ಓಡಿಸುತ್ತದೆ. "ಈ ವಯಸ್ಸಿನಾಗ ಒಮ್ಮಿಗೇ ನಿಂತರೂ ನಿಂತೀತು. ಇವತ್ತ ಬಿಡಸ್ರಿ" ಎಂದರು. ನಿನಗೂ ಇದು ಗೊತ್ತಿರಲಿಕ್ಕಿಲ್ಲ, ನಿನ್ನನ್ನು ಬೈಯುತ್ತಿಲ್ಲ.

ಬಿಡಿಸುವುದು ಹೇಗೆ? ಲಿಂಗಕ್ಕೆ ಅರ್ಪಿಸದೆ ನೀರನ್ನೂ ಕುಡಿಯದ ಮನುಷ್ಯ. ದಿನಾ ಒಂದೊಂದು ಗುಳಿಗೆ ಅರ್ಪಿಸುವ ರಗಳೆ ಯಾಕೆಂದು ಮೊದಲ ದಿನವೇ ಪೂಜೆಯಲ್ಲಿ ಇಡೀ ಬಾಟಲಿಯನ್ನು ಅರ್ಪಿಸಿಬಿಟ್ಟಿದ್ದಾರೆ! ಅಲ್ಲಿಗೆ ಔಷಧವೆಲ್ಲ ಪ್ರಸಾದವಾಯಿತು. ಎದೆಗೆ ಕೇಡು, ಬಿಡಿ ಎಂದರೆ "ಒಂದಗಳೂ ಚೆಲ್ಲದ ಮನಿತನ ನಮ್ದು. ಪ್ರಸಾದ ಬಿಡು ಅಂತೀಯೇನು? ಎದಿ ನಿಂತ್ರ ನಿಲ್ಲವಲ್ದ್ಯಾಕ" ಎನ್ನುತ್ತಾರೆ. ಕುರಿಯದೆಂದು ಹೇಳಿದರೆ ಆ ಕ್ಷಣವೇ ಬಿಟ್ಟಾರು, ನಿಜ. ಆದರೆ ಅಂಥದನ್ನು ಲಿಂಗದ ಮುಂದೆ ಹಿಡಿದೆನೆಂದು ತಿಳಿದ ಮೇಲೆ ಅನ್ನವನ್ನೂ ಬಿಟ್ಟು ಕುಳಿತರೆ? ಹೇಳಿದರೆ ಆ ಭಯ, ಹೇಳದಿದ್ದರೆ ಈ ಭಯ. ಒಲೆಯ ಮುಂದೆ ರೊಟ್ಟಿ ಬಡಿಯುವಾಗಲೂ ನನ್ನ ಕಣ್ಣು ಅವರ ಎದೆಯ ಮೇಲೇ ಇರುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು.

ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕಿಆಲೂರಿನಿಂದ ನಿಮ್ಮಕ್ಕ ಮಾದೇವಿ ನಿನ್ನನ್ನು ಕೇಳಿದ್ದಾಳೆ. ಬಸವಣ್ಣ ನಿನ್ನ ಬೆನ್ನ ಹಿಂದೆ ಇರಲಿ.

ನಿನ್ನ ಅವ್ವ,
ಹಾಲವ್ವ

ತಾ.ಕ.: ಪ್ರಸಾದ ಚೆಲ್ಲಬಾರದು ಸರಿ, ಹಂಚಿಕೊಳ್ಳಬಹುದಲ್ಲ? "ನನಗೂ ಹರೇ ಬ್ಯಾಡೇನ್ರಿ?" ಎಂದು ಪಾಲು ಕೇಳಿದೆ. ಬಹಳ ಖುಷಿಪಟ್ಟರು, ಎದುರಿಗೆ ಕೂಡಿಸಿಕೊಂಡು ನುಂಗಿಸುತ್ತಾರೆ. ಏನೆಂದು ಗೊತ್ತಿದ್ದೇ ನುಂಗುತ್ತೇನೆ. ಬಾಟಲಿ ಬೇಗ ತೀರಲೆಂದು ಅವರಿಗೊಂದು, ನನಗೆರಡು. ಅಕ್ಷರ ಸೊಟ್ಟಗಾದದ್ದಕ್ಕೆ ನಗಬೇಡ, ಕೈ ನಿಲ್ಲುತ್ತಿಲ್ಲ. ಎರಡನೆಯ ಬಾಟಲಿ ಕಳಿಸೆಂದು ನಿಮ್ಮಪ್ಪ ನಾಳೆಯೇ ಬರೆಯಲಿದ್ದಾರೆ. ಅಂಗಡಿಯಲ್ಲಿ ಮಾಲೇ ಇಲ್ಲವೆಂದು ಉತ್ತರ ಹಾಕು ಮಗನೆ. ಇನ್ನೊಂದು ಬಾಟಲಿ ಪ್ರಸಾದವಾದರೆ ಪಾಲು ತಿನ್ನಲು ನಾನು ಉಳಿಯಲಿಕ್ಕಿಲ್ಲ.