ತಣ್ಣೀರಿನ ವಾಲ್ವಿಗೂ ಸೊನ್ನೆ

ಮಂಗಳವಾರ, ಹದಿನಾಲ್ಕು.

ಮ್ಯಾನೇಜರ್ ನಮ್ಮ ಯೂನಿಯನ್ನಿಗೆ ಕೊಟ್ಟ ಮಾತು ಎರಡು. ಕಂಟ್ರೋಲ್ ತಂತಿ ಕಡಿದರೆ ಅಂಟು ಕುದಿಸುವ ಕಡಾಯಿಯ ಹಬೆ ತಾನಾಗಿ ನಿಲ್ಲಬೇಕು. ಭಾವನ ಸುಟ್ಟ ಕೈ ವಾಸಿಯಾಗುವವರೆಗೆ ರಜೆ ಕೊಡಬೇಕು. ರಜೆ ಕೊಡಲಿಲ್ಲ. ಮೊದಲನೆಯದನ್ನು ಉಳಿಸಿಕೊಂಡ ಚಂದ ನೋಡಬೇಕು!

ಮೊದಲು ವಾಲ್ವುಗಳನ್ನು ನಡೆಸುವ ಕಂಟ್ರೋಲ್ ಮಾಡ್ಯೂಲಿಗೆ, ತಂತಿ ಕಡಿದರೂ ವಾಲ್ವನ್ನು ಇದ್ದಂತೆಯೇ ಬಿಡು ಎಂದು ಹೇಳಿಟ್ಟಿದ್ದರು. ತಂತಿ ಕಡಿಯಿತು, ಹಬೆ ನುಗ್ಗುತ್ತಲೇ ಇತ್ತು, ಭಾವನ ಚರ್ಮ ಕೈಗವಸಿನ ಜೊತೆಗೇ ಕಿತ್ತು ಬಂತು. ಸರಕು ಕೆಡಲಿಲ್ಲವಲ್ಲ ಎಂದು ಮ್ಯಾನೇಜರ್ ನಿಟ್ಟುಸಿರು ಬಿಟ್ಟ. ಈಗ ತಂತಿ ಕಡಿದರೆ ಎಲ್ಲ ವಾಲ್ವುಗಳೂ ಸೊನ್ನೆಗಿಳಿದು ಮುಚ್ಚಿಕೊಳ್ಳುವಂತೆ ಮಾಡಿಸಿದ್ದಾನೆ. ತಣ್ಣೀರಿನದೂ! ಹಬೆ ನಿಂತರೂ ಅಂಟು ಒಳಗಿನ ರಾಸಾಯನಿಕಗಳಿಂದ ತನ್ನಷ್ಟಕ್ಕೆ ಕಾಯುತ್ತಲೇ ಇರುತ್ತದೆ. ಆಗ ತಣ್ಣೀರು ಪೂರ್ತಿ ಹರಿಯದಿದ್ದರೆ ಕಡಾಯಿ ಸಿಡಿಯುತ್ತದೆ. ಇದು ಅವನಿಗೆ ಗೊತ್ತು. ಇವತ್ತು ಹೋಗಿ ಕೇಳಿದೆ.

"ಸೊನ್ನೆ ಕೇಳಿದ್ರಿ, ಕೊಟ್ಟೆ. ಸೊನ್ನೆಗೆ ಬಡ್ಡಿನೂ ಬೇಕಾ?" ಎಂದ. ಆಫೀಸೆಲ್ಲ ನಕ್ಕಿತು.

"ಸ್ವಾಮಿ, ನಿಮ್ಮ ಕುರ್ಚಿನ ಕಡಾಯಿ ಪಕ್ಕ ಹಾಕಿಸ್ಲಾ?" ಎಂದೆ.

ನಗು ನಿಂತಿತು. "ಸೋಮವಾರ ಕೂತು ಮಾತಾಡೋಣ" ಎಂದು ಫೋನೆತ್ತಿಕೊಂಡ.

ಸಂಜೆ ಅವರ ಮನೆಗೆ ಹೋದಾಗ ಅಕ್ಕ ಭಾವನಿಗೆ ತುತ್ತು ತಿನ್ನಿಸುತ್ತಿದ್ದಳು. "ಗುರುವಾರ ಇವರನ್ನ ಅದೇ ಕಡಾಯಿ ಡ್ಯೂಟಿಗೆ ಹಾಕಿದಾರೆ ಕಣೋ. ಬರದಿದ್ರೆ ಹೆಸರು ಹೊಡೆದು ಹಾಕ್ತಾರಂತೆ" ಎಂದಳು.

"ಬಿಡೇ, ಬೆಂದ ಕೈ ಇನ್ನೇನು ಬೇಯುತ್ತೆ" ಎಂದು ಭಾವ ನಕ್ಕ. ಅಕ್ಕ ನಗಲಿಲ್ಲ. ನನಗೆ ಅವನ ನಗುವಿನ ಮೇಲೇ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ. ನಗುತ್ತಲೇ ಸಾಯಲು ನಮಗೆ ಕಲಿಸಿದವರು ಯಾರು?

ಕಡಾಯಿಗೆ ಹಬೆ ಬಿಡುವುದು ಗುರುವಾರ ಬೆಳಿಗ್ಗೆ ಆರಕ್ಕೆ. ಅವರ ಸಭೆ ಸೋಮವಾರವೇ ಇರಲಿ. ನಮ್ಮ ಸಭೆ ಫ್ಯಾಕ್ಟರಿ ಗೇಟಿಗೆ ಅಡ್ಡಲಾಗಿ, ಗುರುವಾರ ಬೆಳಿಗ್ಗೆ ಐದಕ್ಕೆ.